ಕೊರೆತದ ಅಂಕಿಅಂಶಗಳಿಂದ ಶಿಲೆಯ ಗುರುತು: ಯಂತ್ರ ಕಲಿಕೆಯ ಉಪಯೋಗ ಮತ್ತು ಮಿತಿ

ಗಣಿ ಉದ್ಯಮದ ಲಾಭ ನಷ್ಟಗಳು ಬಹುಮಟ್ಟಿಗೆ ಸಿಡಿಮದ್ದು ತುಂಬುವುದಕ್ಕೆ ಮೊದಲೇ ನಿರ್ಧಾರವಾಗುತ್ತವೆ. ಬೆಂಚಿನ ಮೇಲೆ ಕೊರೆದ ರಂಧ್ರಗಳಲ್ಲಿ ಯಾವ ಆಳದವರೆಗೆ ಅದಿರು ಇದೆ, ಎಲ್ಲಿಂದ ಜೇಡಿಶಿಲೆ ಅಥವಾ ಸಿಲಿಕಾ ಪಟ್ಟಿ ಆರಂಭವಾಗುತ್ತದೆ ಎಂಬುದು ತಿಳಿಯದೆ ಸಿಡಿಸಿದರೆ, ಒಳ್ಳೆಯ ಅದಿರಿನೊಡನೆ ತ್ಯಾಜ್ಯ ಶಿಲೆ ಬೆರೆತುಹೋಗುತ್ತದೆ. ಹಾಗೆ ಬೆರೆತ ರಾಶಿಯನ್ನು ಪುನಃ ಬೇರ್ಪಡಿಸಲು ತಗಲುವ ವೆಚ್ಚ ದೊಡ್ಡದು. ರಂಧ್ರಗಳಿಂದ ತೆಗೆದ ಪುಡಿಯನ್ನು ಪ್ರಯೋಗಶಾಲೆಗೆ ಕಳುಹಿಸಿ ಫಲಿತಾಂಶ ಪಡೆಯುವಷ್ಟರಲ್ಲಿ ಕಾಲ ಕಳೆಯುತ್ತದೆ. ಇಡೀ ರಂಧ್ರದ ಪುಡಿಯಿಂದ ಒಂದೇ ಮಾದರಿ ತೆಗೆದಿದ್ದರೆ, ಯಾವ ಆಳದಲ್ಲಿ ಏನಿದೆ ಎಂಬುದು ಆಗಲೂ ತಿಳಿಯುವುದಿಲ್ಲ.

ಈ ಕೊರತೆಯನ್ನು ತುಂಬುವ ಒಂದು ಮಾರ್ಗವೆಂದರೆ, ಕೊರೆಯುವ ಯಂತ್ರವೇ ಕೆಲಸದ ವೇಳೆಯಲ್ಲಿ ದಾಖಲಿಸುವ ಅಂಕಿಅಂಶಗಳನ್ನು ಗಣಕಯಂತ್ರದ ನೆರವಿನಿಂದ ಓದಿ, ಶಿಲೆಯ ಬಗೆಯನ್ನು ಆಳದ ಪ್ರಕಾರ ಗುರುತಿಸುವುದು. ಇದಕ್ಕೆ ಬಳಸುವ ಗಣಕ ವಿಧಾನಗಳಿಗೆ ಒಟ್ಟಾಗಿ ಯಂತ್ರ ಕಲಿಕೆ ಎಂಬ ಹೆಸರಿದೆ.

ಕರ್ನಾಟಕದ ಅದಿರು ಉತ್ಪಾದಕರಿಗೆ ಈ ವಿಷಯ ದೂರದ್ದಲ್ಲ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಬಳ್ಳಾರಿ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಅನಂತರ ಹಂತಹಂತವಾಗಿ ಪುನರಾರಂಭಕ್ಕೆ ಅನುಮತಿ ದೊರೆತಾಗ ವಾರ್ಷಿಕ ಉತ್ಪಾದನೆಗೆ ಮಿತಿಯೂ ಬಂದಿತು. 2022ರ ಆಗಸ್ಟ್‌ನಲ್ಲಿ ಈ ಮಿತಿಯನ್ನು ಬಳ್ಳಾರಿಗೆ 280 ಲಕ್ಷ ಟನ್‌ನಿಂದ 350 ಲಕ್ಷ ಟನ್‌ಗೆ, ಚಿತ್ರದುರ್ಗ ಮತ್ತು ತುಮಕೂರು ಎರಡಕ್ಕೂ ಸೇರಿಸಿ 70 ಲಕ್ಷ ಟನ್‌ನಿಂದ 150 ಲಕ್ಷ ಟನ್‌ಗೆ ಹೆಚ್ಚಿಸಲಾಯಿತು. ತೆಗೆಯಬಹುದಾದ ಅದಿರಿನ ಪ್ರಮಾಣಕ್ಕೆ ಮಿತಿ ಇರುವಾಗ ಪ್ರತಿ ಟನ್ನಿನ ಗುಣಮಟ್ಟವೇ ಆದಾಯವನ್ನು ನಿರ್ಧರಿಸುತ್ತದೆ. ಭಾರತೀಯ ಗಣಿ ಬ್ಯೂರೋ ಪ್ರಕಟಿಸುವ ಸರಾಸರಿ ಮಾರಾಟ ಬೆಲೆಗಳು ಕಬ್ಬಿಣಾಂಶದ ಶ್ರೇಣಿಗೆ ಅನುಗುಣವಾಗಿ ಬದಲಾಗುತ್ತವೆ. ಶೇಕಡಾ 60ರಿಂದ 62ರ ಶ್ರೇಣಿಯಲ್ಲಿ ಹೋಗಬೇಕಾದ ಅದಿರು, ಶಿಲೆ ಬೆರೆತ ಕಾರಣದಿಂದ ಕೆಳಗಿನ ಶ್ರೇಣಿಗೆ ಇಳಿದರೆ ಆಗುವ ನಷ್ಟವನ್ನು ಉತ್ಪಾದಕರು ಚೆನ್ನಾಗಿ ಬಲ್ಲರು.

ಯಂತ್ರವು ಅಳೆಯುವುದೇನು?

ಕೊಳವೆಬಾವಿ ಕೊರೆಯುವ ರಿಗ್‌ನ ಬಳಿ ನಿಂತು ನೋಡಿದವರಿಗೆ ಈ ವಿಧಾನದ ಮೂಲತತ್ತ್ವ ಹೊಸದೆನಿಸದು. ಅನುಭವಿ ಆಪರೇಟರ್ ಒಂದು ರಾಡ್ ಇಳಿಯಲು ಹಿಡಿದ ಸಮಯ, ಎಂಜಿನಿನ ಸದ್ದು, ಮೇಲೆ ಬರುವ ಪುಡಿಯ ಬಣ್ಣ ಇವುಗಳಿಂದಲೇ ಮಣ್ಣು ಮುಗಿದು ಕಲ್ಲು ಸಿಕ್ಕಿತೆಂದು, ಕಲ್ಲಿನಲ್ಲಿ ಬಿರುಕು ಬಂದಿತೆಂದು ಹೇಳಬಲ್ಲನು. ಆತನ ಕಣ್ಣು ಕಿವಿಗಳು ಮಾಡುವ ಕೆಲಸವನ್ನು ಆಧುನಿಕ ಡ್ರಿಲ್‌ಗಳಲ್ಲಿ ಸೆನ್ಸರ್‌ಗಳು ಮಾಡುತ್ತವೆ ಮತ್ತು ಅದನ್ನು ಅಂಕಿಗಳಾಗಿ ಬರೆದಿಡುತ್ತವೆ.

ಸಾಮಾನ್ಯವಾಗಿ ದಾಖಲಾಗುವ ಅಂಶಗಳು ಹೀಗಿವೆ: ಬಿಟ್ ಕೆಳಗಿಳಿಯುವ ವೇಗ, ಬಿಟ್‌ನ ಮೇಲೆ ಹೇರಿದ ಒತ್ತಡ, ನಿಮಿಷಕ್ಕೆ ಆಗುವ ಸುತ್ತುಗಳು, ತಿರುಗಿಸಲು ಬೇಕಾದ ಬಲ ಅಂದರೆ ಟಾರ್ಕ್, ಪುಡಿಯನ್ನು ಹೊರಹಾಕುವ ಗಾಳಿಯ ಒತ್ತಡ ಮತ್ತು ಕಂಪನ. ಇವುಗಳನ್ನು ಪ್ರತಿ ಕೆಲವು ಸೆಂಟಿಮೀಟರ್ ಆಳಕ್ಕೊಮ್ಮೆ ದಾಖಲಿಸಲಾಗುತ್ತದೆ. ಹತ್ತು ಸೆಂಟಿಮೀಟರಿಗೊಂದರಂತೆ ದಾಖಲಿಸಿದರೂ 10 ಮೀಟರ್ ಆಳದ ಒಂದು ರಂಧ್ರದಿಂದ 100 ಸಾಲುಗಳ ಪಟ್ಟಿ ದೊರೆಯುತ್ತದೆ. ಒಂದು ಬೆಂಚಿನಲ್ಲಿ 200 ರಂಧ್ರಗಳಿದ್ದರೆ 20,000 ಸಾಲುಗಳಾಗುತ್ತವೆ. ಇಷ್ಟನ್ನು ಮನುಷ್ಯರು ಕುಳಿತು ಓದಿ ನಿರ್ಣಯಿಸುವುದು ಕಷ್ಟ.

ಲೆಕ್ಕದ ಒಂದು ಉದಾಹರಣೆ

ಬಿಟ್ ಬೇಗ ಇಳಿಯಿತೆಂದ ಮಾತ್ರಕ್ಕೆ ಶಿಲೆ ಮೃದು ಎನ್ನಲಾಗದು. ಆಪರೇಟರ್ ಹೆಚ್ಚು ಒತ್ತಡ ಹಾಕಿರಬಹುದು. ಆದುದರಿಂದ ಬಿಡಿ ಅಂಕಿಗಳ ಬದಲು, ಒಂದು ಘನ ಮೀಟರ್ ಶಿಲೆಯನ್ನು ಪುಡಿಮಾಡಲು ಎಷ್ಟು ಶಕ್ತಿ ವ್ಯಯವಾಯಿತು ಎಂಬ ಲೆಕ್ಕ ಹೆಚ್ಚು ಉಪಯುಕ್ತ. ಇದನ್ನು ನಿರ್ದಿಷ್ಟ ಶಕ್ತಿ ಎನ್ನುತ್ತಾರೆ. ಆರ್. ಟೀಲ್ ಎಂಬುವರು 1965ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಪರಿಕಲ್ಪನೆಯನ್ನು ವಿವರಿಸಿದರು. ಒತ್ತುವ ಕೆಲಸ ಮತ್ತು ತಿರುಗಿಸುವ ಕೆಲಸ ಎರಡನ್ನೂ ಕೂಡಿಸಿ, ತೆಗೆದ ಶಿಲೆಯ ಗಾತ್ರದಿಂದ ಭಾಗಿಸುವುದೇ ಇದರ ಸೂತ್ರ.

150 ಮಿಲಿಮೀಟರ್ ವ್ಯಾಸದ ರಂಧ್ರದಲ್ಲಿ ಒಂದು ಮೀಟರ್ ಇಳಿದಾಗ ಹೊರಬರುವ ಶಿಲೆಯ ಗಾತ್ರ ಸುಮಾರು 0.0177 ಘನ ಮೀಟರ್. ತಿರುಗಿಸಲು 20 ಕಿಲೋವ್ಯಾಟ್ ಬಳಕೆಯಾಗುತ್ತಿದೆ ಎಂದು ಭಾವಿಸಿ, ಒತ್ತುವ ಕೆಲಸವು ಇದರೆದುರು ಅಲ್ಪವಾದುದರಿಂದ ಅದನ್ನು ಬಿಟ್ಟು ಲೆಕ್ಕ ಹಾಕಬಹುದು. ಆ ಒಂದು ಮೀಟರ್ 2 ನಿಮಿಷದಲ್ಲಿ ಇಳಿದರೆ ಘನ ಮೀಟರಿಗೆ ಸುಮಾರು 136 ಮೆಗಾಜೂಲ್ ಆಗುತ್ತದೆ. ಅದೇ ಶಕ್ತಿಯಲ್ಲಿ 5 ನಿಮಿಷ ಹಿಡಿದರೆ ಸುಮಾರು 340 ಮೆಗಾಜೂಲ್ ಆಗುತ್ತದೆ. ಮೊದಲನೆಯದು ಸಡಿಲ ಶಿಲೆ, ಎರಡನೆಯದು ಗಟ್ಟಿ ಶಿಲೆ ಎಂಬ ಸೂಚನೆ ಇಲ್ಲಿಯೇ ದೊರೆಯಿತು. ತಿರುಗುವಿಕೆಯಿಂದಲೇ ಕೊರೆಯುವ ರೋಟರಿ ಡ್ರಿಲ್‌ಗಳಿಗೆ ಈ ಸೂತ್ರ ನೇರವಾಗಿ ಒಪ್ಪುತ್ತದೆ. ಗಾಳಿಯ ಒತ್ತಡದಿಂದ ಬಡಿಯುವ ಸುತ್ತಿಗೆಯುಳ್ಳ ಡಿಟಿಎಚ್ ಯಂತ್ರಗಳಲ್ಲಿ ಬಡಿತದ ಶಕ್ತಿಯನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಕಲಿಕೆ ನಡೆಯುವ ಬಗೆ

ಯಂತ್ರ ಕಲಿಕೆಗೆ ಎರಡು ಬಗೆಯ ಸಾಮಗ್ರಿ ಬೇಕು: ಡ್ರಿಲ್‌ನ ಅಂಕಿಗಳು ಮತ್ತು ಅದೇ ಆಳದಲ್ಲಿ ನಿಜವಾಗಿ ಇದ್ದ ಶಿಲೆ ಯಾವುದು ಎಂಬ ಉತ್ತರ. ಈ ಉತ್ತರವನ್ನು ಭೂವಿಜ್ಞಾನಿಯು ಕೋರ್ ಮಾದರಿ ಅಥವಾ ಪುಡಿಯನ್ನು ಪರೀಕ್ಷಿಸಿ ಬರೆದಿರುತ್ತಾನೆ. ಇಂಥ ಸಾವಿರಾರು ಜೋಡಿಗಳನ್ನು ಕೊಟ್ಟಾಗ, ಯಾವ ಬಗೆಯ ಅಂಕಿಗಳಿಗೆ ಯಾವ ಶಿಲೆ ಹೊಂದುತ್ತದೆ ಎಂಬ ನಿಯಮಗಳನ್ನು ಗಣಕವು ತಾನೇ ರೂಪಿಸಿಕೊಳ್ಳುತ್ತದೆ. ಆಮೇಲೆ ಉತ್ತರ ತಿಳಿಯದ ಹೊಸ ರಂಧ್ರದ ಅಂಕಿಗಳನ್ನು ಕೊಟ್ಟರೆ ಶಿಲೆಯ ಹೆಸರನ್ನು ಸೂಚಿಸುತ್ತದೆ.

ಬಳಕೆಯಲ್ಲಿರುವ ವಿಧಾನಗಳ ಪೈಕಿ ನಿರ್ಣಯ ವೃಕ್ಷಗಳನ್ನು ಆಧರಿಸಿದವು ಹೆಚ್ಚು ಜನಪ್ರಿಯ. ‘ವೇಗ ಇಷ್ಟಕ್ಕಿಂತ ಹೆಚ್ಚೇ? ಹೌದಾದರೆ ಟಾರ್ಕ್ ಇಷ್ಟಕ್ಕಿಂತ ಕಡಿಮೆಯೇ?’ ಎಂಬ ಪ್ರಶ್ನೆಗಳ ಸರಣಿಯೇ ಒಂದು ವೃಕ್ಷ. ಲಿಯೋ ಬ್ರೈಮನ್ 2001ರಲ್ಲಿ ವಿವರಿಸಿದ ರ‍್ಯಾಂಡಮ್ ಫಾರೆಸ್ಟ್ ವಿಧಾನದಲ್ಲಿ ಇಂತಹ ನೂರಾರು ವೃಕ್ಷಗಳನ್ನು ಬೆಳೆಸಿ, ಬಹುಮತದ ಉತ್ತರವನ್ನು ಸ್ವೀಕರಿಸಲಾಗುತ್ತದೆ. ಒಂದು ವೃಕ್ಷದ ತಪ್ಪನ್ನು ಮುಂದಿನದು ತಿದ್ದುವಂತೆ ಸಾಲಾಗಿ ಕಟ್ಟುವ ಬೂಸ್ಟಿಂಗ್ ವಿಧಾನವೂ ವ್ಯಾಪಕವಾಗಿದೆ. ಉತ್ತರಗಳೇ ಲಭ್ಯವಿಲ್ಲದಿದ್ದಲ್ಲಿ, ಪರಸ್ಪರ ಹೋಲುವ ಅಂಕಿಗಳನ್ನು ಗುಂಪುಗೂಡಿಸುವ ವಿಧಾನವಿದೆ. ಆದರೆ ಆ ಗುಂಪಿಗೆ ಶಿಲೆಯ ಹೆಸರಿಡುವ ಕೆಲಸ ಭೂವಿಜ್ಞಾನಿಯದೇ ಆಗಿರುತ್ತದೆ.

ಪಿಲ್ಬರಾದ ಅನುಭವ

ಕಬ್ಬಿಣದ ಅದಿರಿನಲ್ಲಿ ಈ ವಿಧಾನದ ಗಂಭೀರ ಪ್ರಯತ್ನಗಳು ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದಲ್ಲಿ ನಡೆದಿವೆ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಆರಂಭವಾದ ರಿಯೋ ಟಿಂಟೋ ಗಣಿ ಸ್ವಯಂಚಾಲನ ಕೇಂದ್ರವು, ಸಿಡಿತದ ರಂಧ್ರಗಳನ್ನು ಕೊರೆಯುವಾಗ ದೊರೆಯುವ ಅಂಕಿಗಳಿಂದ ಶಿಲೆಯನ್ನು ಗುರುತಿಸುವ ಸಂಶೋಧನೆ ಕೈಗೊಂಡಿತು. ಪಟ್ಟಿಪಟ್ಟಿಯಾದ ಕಬ್ಬಿಣ ಶಿಲೆ, ಅದಿರು, ಜೇಡಿಶಿಲೆ ಇವು ಅಲ್ಲಿಯೂ ಪರಸ್ಪರ ಹೆಣೆದುಕೊಂಡಿರುತ್ತವೆ. ಗಾಸಿಯನ್ ಪ್ರೊಸೆಸ್ ಎಂಬ ಗಣಿತ ವಿಧಾನವನ್ನು ಅಲ್ಲಿಯ ಸಂಶೋಧಕರು ಬಳಸಿದರು. ಉತ್ತರದ ಜೊತೆಗೆ ಆ ಉತ್ತರದ ಬಗ್ಗೆ ಇರುವ ಸಂದೇಹದ ಪ್ರಮಾಣವನ್ನೂ ತಿಳಿಸುವುದು ಈ ವಿಧಾನದ ಗುಣ. ಸಂದೇಹ ಹೆಚ್ಚಿರುವ ಕಡೆ ಮಾತ್ರ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳುಹಿಸಿದರೆ ಪರೀಕ್ಷೆಯ ವೆಚ್ಚವನ್ನು ತಗ್ಗಿಸಬಹುದಾಗಿದೆ.

ಗಡಸುತನ ಬೇರೆ, ಕಬ್ಬಿಣಾಂಶ ಬೇರೆ

ಈ ತಂತ್ರದ ಮುಖ್ಯ ಮಿತಿಯನ್ನು ಉದ್ಯಮಿಗಳು ಆರಂಭದಲ್ಲಿಯೇ ಅರಿತಿರಬೇಕು. ಡ್ರಿಲ್ ಅಳೆಯುವುದು ಶಿಲೆಯ ಗಡಸುತನ ಮತ್ತು ಬಿರುಕುಗಳನ್ನು. ಕಬ್ಬಿಣಾಂಶವನ್ನು ಅದು ಅಳೆಯುವುದಿಲ್ಲ. ಸಂಡೂರು ಬೆಟ್ಟಗಳಲ್ಲಿ ಕಂಡುಬರುವಂತಹ ಪಟ್ಟಿಯುಳ್ಳ ಹೆಮಟೈಟ್ ಜಾಸ್ಪರ್ ಶಿಲೆಯಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದು ಬಹಳ ಗಟ್ಟಿ. ಅದನ್ನು ಅದಿರಿನಿಂದ ಬೇರೆಯಾಗಿ ಗುರುತಿಸುವುದು ಡ್ರಿಲ್‌ಗೆ ಸುಲಭ. ಆದರೆ ಬ್ಲೂ ಡಸ್ಟ್ ಎಂದು ಕರೆಯುವ ಪುಡಿ ಅದಿರು ಉತ್ಕೃಷ್ಟವಾದುದಾದರೂ ಬಹಳ ಸಡಿಲ. ಜೇಡಿಶಿಲೆಯೂ ಸಡಿಲವೇ. ಎರಡರಲ್ಲಿಯೂ ಬಿಟ್ ಸರಾಗವಾಗಿ ಇಳಿಯುತ್ತದೆ. ಅತ್ಯುತ್ತಮ ಅದಿರು ಮತ್ತು ಬಿಸಾಡಬೇಕಾದ ಶಿಲೆ ಇವೆರಡೂ ಡ್ರಿಲ್‌ನ ಅಂಕಿಗಳಲ್ಲಿ ಒಂದೇ ರೀತಿ ಕಾಣಬಹುದಾದ ಸಂದರ್ಭವಿದು.

ಇದಕ್ಕೆ ಪರಿಹಾರವೆಂದರೆ ಇನ್ನೊಂದು ಬಗೆಯ ಅಳತೆಯನ್ನು ಸೇರಿಸುವುದು. ಜೇಡಿಶಿಲೆಯಲ್ಲಿ ಪೊಟ್ಯಾಸಿಯಂ ಮುಂತಾದ ಧಾತುಗಳಿರುವುದರಿಂದ ಅದರಿಂದ ಹೊರಡುವ ಸಹಜ ಗಾಮಾ ವಿಕಿರಣ ಸಾಮಾನ್ಯವಾಗಿ ಹೆಚ್ಚು. ಶುದ್ಧ ಹೆಮಟೈಟ್ ಅದಿರಿನಲ್ಲಿ ಇದು ಕಡಿಮೆ. ರಂಧ್ರದೊಳಗೆ ಗಾಮಾ ಅಳತೆಯ ಉಪಕರಣವನ್ನು ಇಳಿಸಿ ಪಡೆದ ಅಂಕಿಗಳನ್ನು ಕೊರೆತದ ಅಂಕಿಗಳೊಡನೆ ಸೇರಿಸಿದರೆ ಈ ಗೊಂದಲ ಬಹಳಷ್ಟು ನಿವಾರಣೆಯಾಗುತ್ತದೆ. ಪಿಲ್ಬರಾದಲ್ಲಿ ಜೇಡಿಶಿಲೆಯ ಪದರಗಳನ್ನು ಗುರುತಿಸಲು ಗಾಮಾ ಅಳತೆ ರೂಢಿಯಲ್ಲಿದೆ. ಡ್ರಿಲ್‌ನ ಅಂಕಿಗಳಲ್ಲಿ ಇಲ್ಲದ ವ್ಯತ್ಯಾಸವನ್ನು ಯಾವ ಗಣಕ ವಿಧಾನವೂ ಸೃಷ್ಟಿಸಲಾರದು ಎಂಬುದನ್ನು ಇಲ್ಲಿ ಗಮನಿಸಬೇಕು.

ಬಿಟ್ ಸವೆತ ಮತ್ತೊಂದು ತೊಡಕು. ಬಿಟ್ ಮೊಂಡಾದಂತೆ ಅದೇ ಶಿಲೆಯಲ್ಲಿಯೂ ವೇಗ ಕುಗ್ಗುತ್ತದೆ. ಬಿಟ್ ಬದಲಿಸಿದ ದಿನಾಂಕ ಮತ್ತು ಕೊರೆದ ಮೀಟರುಗಳನ್ನು ಬರೆದಿಡದಿದ್ದರೆ ಗಣಕವು ಹಳೆಯ ಬಿಟ್‌ನ ಕೆಳಗಿರುವ ಎಲ್ಲವನ್ನೂ ಗಟ್ಟಿ ಶಿಲೆ ಎಂದು ಓದುವ ಸಂಭವವಿದೆ. ರಾಡ್ ಜೋಡಿಸುವಾಗ ಡ್ರಿಲ್ ನಿಂತಿರುವ ಹೊತ್ತಿನ ಅಂಕಿಗಳನ್ನೂ ಮೊದಲೇ ತೆಗೆದುಹಾಕಬೇಕು.

‘ಶೇಕಡಾ 95’ ಎಂಬ ಮಾತಿನ ಪರೀಕ್ಷೆ

ತಂತ್ರಾಂಶ ಮಾರುವವರು ತಮ್ಮ ವ್ಯವಸ್ಥೆ ಶೇಕಡಾ 90 ಅಥವಾ 95ರಷ್ಟು ಸರಿಯಾದ ಉತ್ತರ ಕೊಡುತ್ತದೆ ಎಂದು ಹೇಳುವುದುಂಟು. ಈ ಅಂಕಿಯನ್ನು ಒಪ್ಪುವ ಮೊದಲು ಎರಡು ವಿಚಾರಗಳನ್ನು ಪರಿಶೀಲಿಸುವುದು ಅಗತ್ಯ.

ಮೊದಲನೆಯದು, ಪರೀಕ್ಷೆ ನಡೆಸಿದ ಬಗೆ. ಒಂದೇ ರಂಧ್ರದಲ್ಲಿ 4.1 ಮೀಟರ್ ಮತ್ತು 4.2 ಮೀಟರ್ ಆಳಗಳ ಅಂಕಿಗಳು ಬಹುತೇಕ ಒಂದೇ ಆಗಿರುತ್ತವೆ. ಎಲ್ಲ ಸಾಲುಗಳನ್ನು ಕಲಸಿ, ಕೆಲವನ್ನು ಕಲಿಕೆಗೂ ಕೆಲವನ್ನು ಪರೀಕ್ಷೆಗೂ ಹಂಚಿದರೆ, ಪರೀಕ್ಷೆಯ ಪ್ರತಿಯೊಂದು ಸಾಲಿಗೂ ಹೆಚ್ಚುಕಡಿಮೆ ಅದರಂತೆಯೇ ಇರುವ ಸಾಲನ್ನು ಗಣಕವು ಮೊದಲೇ ನೋಡಿರುತ್ತದೆ. ವಿದ್ಯಾರ್ಥಿಗೆ ಪ್ರಶ್ನೆಪತ್ರಿಕೆಯನ್ನು ಹಿಂದಿನ ದಿನವೇ ಕೊಟ್ಟಂತೆ ಇದು. ಕಲಿಕೆಗೆ ಬಳಸದೇ ಇದ್ದ ಬೇರೆ ರಂಧ್ರಗಳ ಮೇಲೆ, ಸಾಧ್ಯವಾದರೆ ಬೇರೆ ಬೆಂಚಿನ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವನ್ನೇ ಕೇಳಬೇಕು.

ಈ ಎಚ್ಚರಿಕೆಗೆ ಆಧಾರವಾಗಿ 2016ರಲ್ಲಿ ನಡೆದ ಒಂದು ಬಹಿರಂಗ ಸ್ಪರ್ಧೆಯನ್ನು ನೋಡಬಹುದು. ಅಮೆರಿಕದ ಭೂಭೌತ ಅನ್ವೇಷಕರ ಸಂಘದ ‘ದಿ ಲೀಡಿಂಗ್ ಎಡ್ಜ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಸ್ಪರ್ಧೆಯಲ್ಲಿ ಕ್ಯಾನ್ಸಸ್ ರಾಜ್ಯದ ಅನಿಲ ಕ್ಷೇತ್ರದ ಬಾವಿಗಳ ಅಳತೆಗಳಿಂದ ಒಂಬತ್ತು ಬಗೆಯ ಶಿಲೆಗಳನ್ನು ಗುರುತಿಸಬೇಕಾಗಿತ್ತು. ಸುಮಾರು 40 ತಂಡಗಳು ಭಾಗವಹಿಸಿದವು. ಉತ್ತರ ಬಹಿರಂಗಪಡಿಸದ ಎರಡು ಬಾವಿಗಳ ಮೇಲೆ ಪರೀಕ್ಷೆ ನಡೆದಾಗ ಮೊದಲ ಸ್ಥಾನ ಪಡೆದ ತಂಡದ ಅಂಕ, ಪೂರ್ಣಾಂಕ 1 ಆಗಿರುವಾಗ, ಸುಮಾರು 0.64 ಮಾತ್ರ. ನುರಿತ ಪರಿಣತರು ತಿಂಗಳುಗಟ್ಟಲೆ ಶ್ರಮಿಸಿದ ಫಲವಿದು. ಅಲ್ಲಿಯ ಅಳತೆಗಳು ಕೊರೆದ ನಂತರ ಉಪಕರಣ ಇಳಿಸಿ ಪಡೆದವುಗಳಾದರೂ ಪರೀಕ್ಷೆಯ ಪಾಠ ಇಲ್ಲಿಗೂ ಅನ್ವಯಿಸುತ್ತದೆ.

ಎರಡನೆಯದು, ತಪ್ಪು ಎಲ್ಲಿ ಆಗುತ್ತಿದೆ ಎಂಬ ವಿಚಾರ. ಒಂದು ಬೆಂಚಿನಿಂದ 1,000 ಮಾದರಿಗಳನ್ನು ತೆಗೆಯಲಾಗಿದೆ, ಅವುಗಳಲ್ಲಿ 850 ಅದಿರು, 150 ತ್ಯಾಜ್ಯ ಎಂದು ಭಾವಿಸೋಣ. ಒಂದು ವ್ಯವಸ್ಥೆಯು ಕಣ್ಣುಮುಚ್ಚಿ ಎಲ್ಲವನ್ನೂ ಅದಿರು ಎಂದರೂ ಅದು ಶೇಕಡಾ 85 ಸರಿ. ಆದರೆ ತ್ಯಾಜ್ಯವನ್ನು ಒಮ್ಮೆಯೂ ಹಿಡಿಯಲಿಲ್ಲ. ಎರಡನೆಯ ವ್ಯವಸ್ಥೆಯು 150 ತ್ಯಾಜ್ಯದಲ್ಲಿ 120ನ್ನು ಹಿಡಿದು, 850 ಅದಿರಿನಲ್ಲಿ 85ನ್ನು ತಪ್ಪಾಗಿ ತ್ಯಾಜ್ಯವೆಂದಿತು. ಇದರ ಒಟ್ಟು ನಿಖರತೆ ಶೇಕಡಾ 88.5. ಕಾಗದದ ಮೇಲೆ ಎರಡಕ್ಕೂ ಅಂತರ ಮೂರೂವರೆ ಅಂಶ ಮಾತ್ರ. ಗಣಿಯಲ್ಲಿ ಅಂತರ ಅಪಾರ. ಎರಡನೆಯದು ತ್ಯಾಜ್ಯವೆಂದು ಸೂಚಿಸಿದ 205ರಲ್ಲಿ 85 ಒಳ್ಳೆಯ ಅದಿರೇ ಎಂಬುದೂ ಮರೆಯತಕ್ಕದ್ದಲ್ಲ. ಅದನ್ನು ಪರೀಕ್ಷಿಸದೆ ತ್ಯಾಜ್ಯದ ಗುಡ್ಡೆಗೆ ಸಾಗಿಸಿದರೆ ನಷ್ಟ ಇನ್ನೊಂದು ಬಾಗಿಲಿನಿಂದ ಬರುತ್ತದೆ.

ಎಲ್ಲ ತಪ್ಪುಗಳ ಬೆಲೆಯೂ ಒಂದೇ ಅಲ್ಲ ಎಂಬುದನ್ನು ಗುರುತಿಸಿ, 2020ರಲ್ಲಿ ನಾರ್ವೆಯ ಫೋರ್ಸ್ ಸಂಸ್ಥೆ ನಡೆಸಿದ ಇಂತಹುದೇ ಸ್ಪರ್ಧೆಯಲ್ಲಿ ಪ್ರತಿಯೊಂದು ಬಗೆಯ ತಪ್ಪಿಗೂ ಬೇರೆ ಬೇರೆ ದಂಡಾಂಕಗಳನ್ನು ನಿಗದಿಪಡಿಸಲಾಗಿತ್ತು. ಸಮೀಪದ ಶಿಲೆಗಳನ್ನು ಅದಲುಬದಲು ಮಾಡಿದರೆ ಕಡಿಮೆ ದಂಡ. ಸಂಬಂಧವೇ ಇಲ್ಲದ ಶಿಲೆ ಎಂದರೆ ಹೆಚ್ಚು ದಂಡ. ಉದ್ಯಮಿಯು ತನ್ನ ಗಣಿಯ ಬೆಲೆಗಳ ಪ್ರಕಾರ ಇಂತಹ ಒಂದು ಪಟ್ಟಿಯನ್ನು ಸ್ವತಃ ಸಿದ್ಧಪಡಿಸಿಕೊಳ್ಳಬಹುದು: ಅದಿರನ್ನು ತ್ಯಾಜ್ಯವೆಂದರೆ ಟನ್ನಿಗೆ ಎಷ್ಟು ನಷ್ಟ, ತ್ಯಾಜ್ಯವನ್ನು ಅದಿರೆಂದರೆ ಎಷ್ಟು ನಷ್ಟ. ತಂತ್ರಾಂಶದ ಯೋಗ್ಯತೆಯನ್ನು ಶೇಕಡಾವಾರಿನಲ್ಲಿ ಅಳೆಯುವುದಕ್ಕಿಂತ ಈ ರೂಪಾಯಿ ಲೆಕ್ಕದಲ್ಲಿ ಅಳೆಯುವುದು ವಿವೇಕ.

ಸಣ್ಣ ಉದ್ಯಮಗಳಿಗೆ ಎಲ್ಲಿ ಅವಕಾಶ?

ದೊಡ್ಡ ಗಣಿಗಳಲ್ಲಿ ಮಾತ್ರ ಈ ತಂತ್ರ ಉಪಯುಕ್ತವೆಂದು ಭಾವಿಸಬೇಕಿಲ್ಲ. ರಾಜ್ಯದ ಗ್ರಾನೈಟ್ ಮತ್ತು ಜಲ್ಲಿ ಕ್ವಾರಿಗಳಲ್ಲಿ ನೈಸ್ ಶಿಲೆಯ ನಡುವೆ ಡಾಲರೈಟ್ ಶಿಲೆಯ ಗೋಡೆಯಂತಹ ಪಟ್ಟಿಗಳು ಹಾದುಹೋಗಿರುವುದು ಸಾಮಾನ್ಯ. ಎಲ್ಲಿ ಬಿರುಕು ಹೆಚ್ಚಿದೆ, ಎಲ್ಲಿ ಶಿಲೆ ಗಟ್ಟಿಯಾಗಿದೆ ಎಂಬುದು ಮೊದಲೇ ತಿಳಿದರೆ ರಂಧ್ರಕ್ಕೆ ತುಂಬುವ ಸಿಡಿಮದ್ದಿನ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಬದಲಿಸಬಹುದು. ದೊಡ್ಡ ಬಂಡೆಗಳು ಉಳಿದು ಎರಡನೆಯ ಬಾರಿ ಒಡೆಯುವ ಖರ್ಚು, ಹಾಗೂ ಕ್ರಷರಿನ ದವಡೆ ಸವೆತ ಇವೆರಡೂ ಇದರಿಂದ ತಗ್ಗುತ್ತವೆ. ಗಡಸುತನದ ಪ್ರಶ್ನೆಯೇ ಇಲ್ಲಿ ಮುಖ್ಯವಾದುದರಿಂದ, ಅದಿರಿನ ಗುಣಮಟ್ಟ ನಿರ್ಣಯಿಸುವುದಕ್ಕಿಂತ ಈ ಉಪಯೋಗ ಹೆಚ್ಚು ವಿಶ್ವಾಸಾರ್ಹವೆನ್ನಬಹುದು.

ಕೊಳವೆಬಾವಿ ಗುತ್ತಿಗೆದಾರರಿಗೂ ಪ್ರತಿ ರಾಡಿನ ಸಮಯ ಮತ್ತು ಗಾಳಿಯ ಒತ್ತಡದ ದಾಖಲೆ ಅಮೂಲ್ಯ. ಸವೆದ ಶಿಲೆಯ ಪದರ ಎಷ್ಟು ಆಳದವರೆಗಿದೆ ಎಂಬುದು ತಿಳಿದರೆ ಕೇಸಿಂಗ್ ಪೈಪ್ ಎಷ್ಟು ಉದ್ದ ಬೇಕೆಂಬ ಅಂದಾಜು ಸರಿಯಾಗುತ್ತದೆ. ಪಕ್ಕದ ಜಮೀನಿನಲ್ಲಿ ಮುಂದೆ ಕೊರೆಯುವಾಗಲೂ ಅದು ನೆರವಿಗೆ ಬರುತ್ತದೆ.

ತಯಾರಕರ ದೃಷ್ಟಿಯಿಂದ ನೋಡಿದರೆ, ಸೆನ್ಸರ್ ಇಲ್ಲದ ಹಳೆಯ ಡ್ರಿಲ್‌ಗಳೇ ಇನ್ನೂ ಬಹಳ ಕಡೆ ಕೆಲಸ ಮಾಡುತ್ತಿವೆ. ಹೈಡ್ರಾಲಿಕ್ ಲೈನಿಗೆ ಜೋಡಿಸುವ ಒತ್ತಡದ ಸೆನ್ಸರ್, ಆಳ ಅಳೆಯುವ ಎನ್‌ಕೋಡರ್, ಧೂಳು ಮತ್ತು ಕಂಪನವನ್ನು ತಾಳಬಲ್ಲ ಪೆಟ್ಟಿಗೆಯಲ್ಲಿ ಇಟ್ಟ ದಾಖಲಾತಿ ಸಾಧನ ಇವೆಲ್ಲ ಸಣ್ಣ ಕಾರ್ಖಾನೆಗಳ ಸಾಮರ್ಥ್ಯಕ್ಕೆ ಹೊರತಾದ ವಸ್ತುಗಳಲ್ಲ. ಕ್ರಮಬದ್ಧವಾಗಿ ಅಳತೆ ಸರಿಪಡಿಸಿಕೊಡುವ ಸೇವೆಗೂ ಇದರೊಡನೆ ಬೇಡಿಕೆ ಹುಟ್ಟುತ್ತದೆ.

ಒಪ್ಪಂದಕ್ಕೆ ಮೊದಲು

ಈ ಕ್ಷೇತ್ರದಲ್ಲಿ ಹಣ ತೊಡಗಿಸುವ ಉದ್ಯಮಿಗಳು ಕೆಲವು ಅಂಶಗಳನ್ನು ಲಿಖಿತ ಒಪ್ಪಂದದಲ್ಲಿ ಸೇರಿಸಿಕೊಳ್ಳುವುದು ಒಳಿತು. ಡ್ರಿಲ್ ಗುತ್ತಿಗೆದಾರನದು, ಗಣಿ ಮಾಲೀಕನದು, ತಂತ್ರಾಂಶ ಮೂರನೆಯವರದು ಆಗಿರುವಾಗ, ಅಂಕಿಅಂಶಗಳ ಒಡೆತನ ಯಾರದೆಂಬುದು ಸ್ಪಷ್ಟವಾಗಿರಬೇಕು. ತಂತ್ರಾಂಶದವರೊಡನೆ ಸಂಬಂಧ ಮುಗಿದ ಮೇಲೂ ಮೂಲ ಅಂಕಿಗಳು ಸಾಮಾನ್ಯ ಕಡತದ ರೂಪದಲ್ಲಿ ಮಾಲೀಕನಿಗೆ ದೊರೆಯಬೇಕು. ಸ್ವೀಕಾರ ಪರೀಕ್ಷೆಯನ್ನು ಮಾಲೀಕನೇ ಆರಿಸಿದ ಹೊಸ ಬೆಂಚಿನಲ್ಲಿ ನಡೆಸಬೇಕು ಮತ್ತು ಅದಿರು, ತ್ಯಾಜ್ಯ ಎರಡಕ್ಕೂ ಪ್ರತ್ಯೇಕ ಫಲಿತಾಂಶ ಕೊಡಬೇಕು. ಗಣಿಯ ಬೇರೊಂದು ಭಾಗಕ್ಕೆ ಹೋದಾಗ ಪುನಃ ಕಲಿಸುವ ಹೊಣೆ ಮತ್ತು ವೆಚ್ಚ ಯಾರದೆಂಬುದನ್ನೂ ನಮೂದಿಸಬೇಕು.

ತಂತ್ರಾಂಶ ಕೊಳ್ಳುವ ವಿಚಾರ ಮುಂದಕ್ಕೆ ಹೋದರೂ ದಾಖಲೆಯ ಕೆಲಸವನ್ನು ಈಗಲೇ ಆರಂಭಿಸಬಹುದು. ಪ್ರತಿ ರಂಧ್ರಕ್ಕೂ ಒಂದು ಸಂಖ್ಯೆ, ಅದರ ಸ್ಥಾನ, ಆಳಕ್ಕೆ ಹಿಡಿದ ಸಮಯ, ಬಿಟ್ ಬದಲಾಯಿಸಿದ ವಿವರ, ಪುಡಿಯ ಬಣ್ಣ ಮತ್ತು ಪ್ರಯೋಗಶಾಲೆಯ ಫಲಿತಾಂಶ ಇವಿಷ್ಟನ್ನು ಒಂದೇ ಪುಸ್ತಕದಲ್ಲಿ ಅಥವಾ ಒಂದೇ ಗಣಕ ಕಡತದಲ್ಲಿ ಬರೆದಿಡಲು ಹೆಚ್ಚಿನ ಬಂಡವಾಳ ಬೇಕಿಲ್ಲ. ಎರಡು ವರ್ಷಗಳ ಇಂತಹ ದಾಖಲೆ ಕೈಯಲ್ಲಿರುವ ಗಣಿ ಮಾಲೀಕನು ಯಾವ ತಂತ್ರಾಂಶವನ್ನಾದರೂ ತನ್ನದೇ ಅಂಕಿಗಳ ಮೇಲೆ ಪರೀಕ್ಷಿಸಿ ಕೊಳ್ಳಬಲ್ಲನು. ದಾಖಲೆ ಇಲ್ಲದವನು ಮಾರುವವರ ಮಾತನ್ನೇ ನಂಬಿ ಕೊಳ್ಳಬೇಕಾಗುತ್ತದೆ.